ಮಾತನಾಡುವಾಗ ತಕ್ಕ ಪದ ದೊರೆಯುವ ಬಗೆ

ಸಹಜವಾಗಿ ಮಾತನಾಡುವಾಗ ಮನುಷ್ಯನು ಸೆಕೆಂಡಿಗೆ ಎರಡು ಮೂರು ಪದಗಳನ್ನು ಬಳಸುತ್ತಾನೆ. ಸಾವಿರಾರು ಪದಗಳ ಸಂಗ್ರಹದಿಂದ ಬೇಕಾದುದನ್ನು ಆರಿಸುವ ಈ ಕಾರ್ಯವು ತಪ್ಪಿದಾಗ ಮಾತ್ರ ಗಮನಕ್ಕೆ ಬರುತ್ತದೆ. ಉಪ್ಪು ಕೇಳಬೇಕಾದವರು ಬಾಯಿತಪ್ಪಿ ಸಕ್ಕರೆ ಕೇಳುವುದುಂಟು. ಏಣಿಯನ್ನು ಕೇಳುವುದು ಅಪರೂಪ. ಏಕೆಂದರೆ ಮನಸ್ಸಿನ ಪದಕೋಶವು ಅಕಾರಾದಿಯಾಗಿ ಜೋಡಿಸಿದ ನಿಘಂಟಲ್ಲ. ಅಲ್ಲಿ ಪದಗಳು ಅರ್ಥಸಂಬಂಧದಿಂದ ಹೆಣೆದುಕೊಂಡಿವೆ.

ಒಂದು ಅರ್ಥವು ಜಾಗೃತವಾದಾಗ ಅದರ ನೆರೆಯ ಅರ್ಥಗಳೂ ಜಾಗೃತವಾಗುತ್ತವೆ ಎಂಬ ಸಿದ್ಧಾಂತವನ್ನು 1975ರಲ್ಲಿ ಕಾಲಿನ್ಸ್ ಮತ್ತು ಲಾಫ್ಟಸ್ ಎಂಬ ಮನೋವಿಜ್ಞಾನಿಗಳು ಮಂಡಿಸಿದರು. ಓದುವಾಗ ಇದು ಸಹಾಯಕ: 'ವೈದ್ಯ' ಎಂಬುದರ ನಂತರ 'ದಾದಿ' ಎಂಬುದನ್ನು ಬೇಗನೆ ಗುರುತಿಸಬಹುದು. ಮಾತನಾಡುವಾಗ ಇದೇ ಸಂಬಂಧವು ಅಡ್ಡಿಯೂ ಆಗಬಲ್ಲದು. ಹಸುವಿನ ಚಿತ್ರದ ಮೇಲೆ 'ಎಮ್ಮೆ' ಎಂದು ಬರೆದು ತೋರಿಸಿದರೆ, 'ಕುರ್ಚಿ' ಎಂದು ಬರೆದಾಗಿಗಿಂತ ಚಿತ್ರದ ಹೆಸರು ಹೇಳಲು ತುಸು ಹೆಚ್ಚು ಸಮಯ ಹಿಡಿಯುತ್ತದೆ. ಸಮೀಪದ ಪದಗಳು ಪರಸ್ಪರ ಸ್ಪರ್ಧಿಸುತ್ತವೆ ಎಂಬುದು ಇದಕ್ಕೆ ನೀಡಲಾಗುವ ಮುಖ್ಯ ವಿವರಣೆ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ.

ಬಹುಭಾಷಿಕರಲ್ಲಿ ಈ ನೆರೆಹೊರೆ ಇನ್ನೂ ದೊಡ್ಡದು. 1928ರಿಂದ ನೋಟುಗಳನ್ನು ಮುದ್ರಿಸುತ್ತಿರುವ ಮುದ್ರಣಾಲಯವು ನಾಸಿಕ್ ರೋಡಿನಲ್ಲಿದೆ. ಇಂದಿನ ನೋಟಿನ ಹಿಂಬದಿಯಲ್ಲಿ ಕನ್ನಡವೂ ಸೇರಿ 15 ಭಾಷೆಗಳು ಒಂದೇ ಮೊತ್ತವನ್ನು ಹೇಳುತ್ತವೆ. ಆ ಊರಿನಲ್ಲಿ ನೆಲೆಸಿದ ಕನ್ನಡಿಗನ ಮನಸ್ಸಿನಲ್ಲಿಯೂ ಒಂದೊಂದು ಅರ್ಥಕ್ಕೆ ಹಲವು ಪದಗಳು ಹೀಗೆಯೇ ಸಾಲುಗೂಡಿರುತ್ತವೆ. 'ತುಪ್ಪ' ಮತ್ತು ಮರಾಠಿಯ 'ತೂಪ್' ಅರ್ಥ, ಧ್ವನಿ ಎರಡರಲ್ಲಿಯೂ ಹತ್ತಿರವಾದುದರಿಂದ ಒಂದು ಮತ್ತೊಂದನ್ನು ನೆನಪಿಗೆ ತರುತ್ತದೆ. ಆದರೆ ಮರಾಠಿಯಲ್ಲಿ 'ಮೀಠ್' ಎಂದರೆ ಉಪ್ಪು, ಹಿಂದಿಯಲ್ಲಿ 'ಮೀಠಾ' ಎಂದರೆ ಸಿಹಿ. ಇಂತಹ ಕಡೆ ಕ್ಷಣಕಾಲ ತಡವರಿಸುವುದು ಭಾಷಾಜ್ಞಾನದ ಕೊರತೆಯಲ್ಲ.

ಪಾರ್ಶ್ವವಾಯುವಿನಿಂದ ಮೆದುಳಿನ ಭಾಷಾಭಾಗಗಳಿಗೆ ಹಾನಿಯಾದಾಗ ಈ ತೊಡಕು ತೀವ್ರವಾಗುತ್ತದೆ. ರೋಗಿಯು ತಟ್ಟೆಯನ್ನು 'ಚಮಚ' ಎನ್ನಬಹುದು. ಇದನ್ನು ಬುದ್ಧಿಭ್ರಮೆಯೆಂದು ಮನೆಯವರು ಭಾವಿಸಬಾರದು; ವಸ್ತುವಿನ ಅರಿವಿದ್ದೂ ಪದ ಕೈಗೆಟುಕದಿರಬಹುದು. ಅವಸರಪಡಿಸದೆ, 'ಅದು ಎಲ್ಲಿರುತ್ತದೆ? ಯಾವುದಕ್ಕೆ ಬಳಸುತ್ತಾರೆ?' ಎಂದು ಕೇಳಬೇಕು. ವಸ್ತುವಿನ ಲಕ್ಷಣಗಳು ಒಂದೊಂದಾಗಿ ಕೂಡಿದಂತೆ ನೆರೆಯ ಪದಗಳು ಹಿಂದೆ ಸರಿದು ಬೇಕಾದ ಪದ ಮುಂದೆ ಬರುತ್ತದೆ. ವಾಕ್ ಚಿಕಿತ್ಸೆಯಲ್ಲಿಯೂ ಈ ಕ್ರಮ ಬಳಕೆಯಲ್ಲಿದೆ. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಚಿಕಿತ್ಸೆ ದೊರೆಯುತ್ತದೆ.

ಮಾತು ಹಠಾತ್ತಾಗಿ ತೊದಲಿದರೆ ಅಥವಾ ನಿಂತುಹೋದರೆ ಮಾತ್ರ ಕಾಯುವಂತಿಲ್ಲ. ಅದು ಪಾರ್ಶ್ವವಾಯುವಿನ ಲಕ್ಷಣವಾಗಿರಬಹುದಾದುದರಿಂದ ಕೂಡಲೇ ಆಸ್ಪತ್ರೆಗೆ ಕರೆದೊಯ್ಯುವುದು ಅವಶ್ಯ.