ದೇಶಕ್ಕೆಲ್ಲ ಒಂದೇ ಚಂದಾ. ಗಡಿಯ ಕನ್ನಡಕ್ಕೆ ಯಾರ ಚಂದಾ?

ಹಿಂದೂಪುರ/ಕಲ್ಯಾಣದುರ್ಗ: ಮಗ ಎಂ.ಎಸ್ಸಿ. ಸೇರಿದ, ಮಗಳು ಪಿಎಚ್.ಡಿ.ಗೆ ನೋಂದಾಯಿಸಿದಳು ಎಂದರೆ ಗಡಿಭಾಗದ ಕನ್ನಡ ಮನೆಗಳಲ್ಲಿ ಅದೊಂದು ಸಂಭ್ರಮ. ಫೀಸು ಎಷ್ಟು, ಹಾಸ್ಟೆಲ್ ಹೇಗಿದೆ, ಬಸ್ಸು ಎಷ್ಟು ಹೊತ್ತಿಗೆ ಎಂದೆಲ್ಲ ವಿಚಾರಿಸುವ ಹಿರಿಯರು ಒಂದು ಪ್ರಶ್ನೆಯನ್ನು ಮಾತ್ರ ಕೇಳುವುದು ಅಪರೂಪ. ಅಲ್ಲಿನ ಲೈಬ್ರರಿಗೆ ಯಾವ್ಯಾವ ಜರ್ನಲ್ ಬರುತ್ತೆ?

'ಲೈಬ್ರರಿ ಅಂದ್ರೆ ಪೇಪರ್ ಓದೋ ಜಾಗ, ಪರೀಕ್ಷೆಗೆ ಪುಸ್ತಕ ತರೋ ಜಾಗ' ಎಂಬ ತಿಳಿವಳಿಕೆ ಪದವಿಯವರೆಗೆ ಸಾಕು. ಸಂಶೋಧನೆಗೆ ಕಾಲಿಟ್ಟ ಮೇಲೆ ಸಾಲದು. ಹೊಸ ಸಂಗತಿ ಮೊದಲು ಅಚ್ಚಾಗುವುದು ಪಠ್ಯಪುಸ್ತಕದಲ್ಲಲ್ಲ, ಜರ್ನಲ್ ಎಂದು ಕರೆಯುವ ಸಂಶೋಧನಾ ನಿಯತಕಾಲಿಕೆಗಳಲ್ಲಿ. ಬೇರೆಯವರು ಈಗಾಗಲೇ ಮಾಡಿ ಮುಗಿಸಿದ ಕೆಲಸವೆಂದು ಗೊತ್ತಿಲ್ಲದೆ ಮೂರು ವರ್ಷ ಅದನ್ನೇ ಮಾಡಿದರೆ ಪಟ್ಟ ಪಾಡೆಲ್ಲ ನೀರುಪಾಲು.

2025ರ ಜನವರಿಯಿಂದ ಈ ಜರ್ನಲ್‌ಗಳ ಚಂದಾ ವ್ಯವಸ್ಥೆ ದೇಶದಲ್ಲಿ ದೊಡ್ಡದಾಗಿ ಬದಲಾಗಿದೆ. ವಿಜ್ಞಾನ, ಎಂಜಿನಿಯರಿಂಗ್ ಓದುವ ಗಡಿಭಾಗದ ಮಕ್ಕಳಿಗೆ ಇದರಿಂದ ಲಾಭವೇ. ಆದರೆ ತಮ್ಮ ಊರಿನ ಚರಿತ್ರೆ, ತಮ್ಮ ಭಾಷೆಯ ಶಾಸನ ಓದಹೊರಟ ಮಕ್ಕಳ ಪರಿಸ್ಥಿತಿ ಹೆಚ್ಚು ಸುಧಾರಿಸಿಲ್ಲ.

ಅನಂತಪುರದ ದಾರಿ

2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳು ಮರುವಿಂಗಡಣೆಯಾದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಜಿಲ್ಲೆ ಬೇರೆಯಾದರೂ ಸರ್ಕಾರಿ ವಿ.ವಿ.ಗೆ ಎರಡೂ ಕಡೆಯವರ ದಾರಿ ಅನಂತಪುರದತ್ತಲೇ. ವೆಂಕಟೇಶ್ವರ ವಿ.ವಿ.ಯ ಸ್ನಾತಕೋತ್ತರ ಕೇಂದ್ರವಾಗಿ 1968ರಲ್ಲಿ ಆರಂಭವಾಗಿ 1981ರಲ್ಲಿ ಸ್ವತಂತ್ರ ವಿ.ವಿ. ಆದ ಶ್ರೀ ಕೃಷ್ಣದೇವರಾಯ ವಿಶ್ವವಿದ್ಯಾಲಯ, 2008ರಲ್ಲಿ ವಿ.ವಿ. ಸ್ಥಾನ ಪಡೆದ ಜೆಎನ್‌ಟಿಯು, 2018ರಲ್ಲಿ ಆರಂಭವಾದ ಕೇಂದ್ರೀಯ ವಿ.ವಿ. ಮೂರೂ ಅಲ್ಲಿವೆ.

ಗಡಿ ದಾಟಿದರೆ ಒಂದು ಕಡೆ ತುಮಕೂರು ವಿ.ವಿ., ಇನ್ನೊಂದು ಕಡೆ 2010ರಲ್ಲಿ ಬಳ್ಳಾರಿಯಲ್ಲಿ ಆರಂಭವಾದ ವಿಜಯನಗರ ಶ್ರೀ ಕೃಷ್ಣದೇವರಾಯ ವಿ.ವಿ. ಒಬ್ಬನೇ ಅರಸನ ಹೆಸರು ಗಡಿಯ ಎರಡೂ ಬದಿಯ ವಿ.ವಿ.ಗಳಿಗಿದೆ. ಆದರೆ ಒಂದರ ಲೈಬ್ರರಿ ಕಾರ್ಡು ಇನ್ನೊಂದರಲ್ಲಿ ನಡೆಯುವುದಿಲ್ಲ.

ಚಂದಾ ಕಟ್ಟುವುದು ಹೇಗೆ?

ವಿ.ವಿ. ಲೈಬ್ರರಿಯಲ್ಲಿ ಪುಸ್ತಕ ಕೊಳ್ಳುವುದು ಒಂದು ಲೆಕ್ಕ, ಜರ್ನಲ್ ತರಿಸುವುದು ಇನ್ನೊಂದು ಲೆಕ್ಕ. ಪುಸ್ತಕಕ್ಕೆ ಒಮ್ಮೆ ದುಡ್ಡು ಕೊಟ್ಟರೆ ಆಯಿತು. ಜರ್ನಲ್‌ಗೆ ಪ್ರತಿವರ್ಷ ಮುಂಗಡ ಚಂದಾ ಕಟ್ಟಬೇಕು. ವಿಭಾಗದ ಮುಖ್ಯಸ್ಥರು ತಮಗೆ ಬೇಕಾದ ಜರ್ನಲ್‌ಗಳ ಪಟ್ಟಿ ಕೊಡುತ್ತಾರೆ. ಗ್ರಂಥಾಲಯ ಸಮಿತಿ ಅದನ್ನು ನೋಡಿ ಅನುದಾನಕ್ಕೆ ತಕ್ಕಂತೆ ಕತ್ತರಿ ಹಾಕುತ್ತದೆ. ಬಳಿಕ ಏಜೆನ್ಸಿ ಮೂಲಕ ಹಣ ಸಂದಾಯ. ಬಾರದ ಸಂಚಿಕೆಗೆ ಪತ್ರ ಬರೆದು ಕೇಳುವುದು, ವರ್ಷದ ಸಂಚಿಕೆಗಳನ್ನು ಕೂಡಿಸಿ ಬೈಂಡ್ ಮಾಡಿಸುವುದು ಲೈಬ್ರರಿಯ ಕೆಲಸ.

ವಿದೇಶಿ ಜರ್ನಲ್‌ಗಳ ಬೆಲೆ ಡಾಲರ್, ಪೌಂಡ್, ಯೂರೋಗಳಲ್ಲಿ. ಒಂದೇ ಜರ್ನಲ್‌ನ ವಾರ್ಷಿಕ ಚಂದಾ ಲಕ್ಷ ರೂ. ದಾಟುವುದುಂಟು. ಪ್ರಕಾಶಕರು ದರ ಏರಿಸಿದರೂ ಕಷ್ಟ, ರೂಪಾಯಿ ಇಳಿದರೂ ಕಷ್ಟ. ಅನುದಾನ ಮಾತ್ರ ಇದ್ದಷ್ಟೇ. ಹಾಗಾಗಿ ಸಣ್ಣ ಊರುಗಳ ವಿ.ವಿ.ಗಳು ವರ್ಷಕ್ಕಿಷ್ಟು ಜರ್ನಲ್ ಕೈಬಿಡುತ್ತಾ ಬಂದವು.

ಕಾಗದದ ಜಾಗಕ್ಕೆ ಕಂಪ್ಯೂಟರ್ ಬಂದ ಮೇಲೆ ಇನ್ನೊಂದು ತೊಡಕು ಸೇರಿತು. ಕಾಗದದ ಜರ್ನಲ್‌ನ ಚಂದಾ ನಿಲ್ಲಿಸಿದರೂ ಹಳೆಯ ಸಂಪುಟಗಳು ಕಪಾಟಿನಲ್ಲಿ ಉಳಿಯುತ್ತವೆ. ಇ-ಜರ್ನಲ್ ಬಾಡಿಗೆ ಮನೆ ಇದ್ದಂತೆ. ಹಳೆಯ ಸಂಚಿಕೆಗಳ ಹಕ್ಕು ತನಗೇ ಉಳಿಯಬೇಕೆಂದು ಕರಾರಿನಲ್ಲಿ ಬರೆಸಿಕೊಳ್ಳದಿದ್ದರೆ, ಬಾಡಿಗೆ ನಿಂತ ದಿನ ಬಾಗಿಲು ಬಂದ್.

6,000 ಕೋಟಿಯ ಯೋಜನೆ

ಒಬ್ಬೊಬ್ಬರೇ ಚೌಕಾಸಿ ಮಾಡುವ ಬದಲು ಒಟ್ಟಾಗಿ ಕೊಂಡರೆ ಬೆಲೆ ಇಳಿಯುತ್ತದೆ ಎಂಬ ವಿಚಾರ ಹೊಸದಲ್ಲ. ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರದ ಮೂಲಕ 2004ರಲ್ಲಿ 'ಯುಜಿಸಿ-ಇನ್ಫೋನೆಟ್' ಒಕ್ಕೂಟ, 2010ರಲ್ಲಿ ಕಾಲೇಜುಗಳಿಗಾಗಿ 'ಎನ್-ಲಿಸ್ಟ್', 2015ರಲ್ಲಿ 'ಇ-ಶೋಧಸಿಂಧು' ಬಂದವು. 2024ರ ನವೆಂಬರ್ 25ರಂದು ಕೇಂದ್ರ ಸಚಿವ ಸಂಪುಟ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಗೆ ಒಪ್ಪಿಗೆ ಕೊಟ್ಟಿತು.

ಯೋಜನೆಗೆ 2025, 2026, 2027ರ ಮೂರು ವರ್ಷಗಳಿಗೆ ತೆಗೆದಿರಿಸಿದ ಮೊತ್ತ 6,000 ಕೋಟಿ ರೂ. 30 ಪ್ರಕಾಶಕರ ಸುಮಾರು 13,000 ಇ-ಜರ್ನಲ್‌ಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ತೆರೆದುಕೊಳ್ಳುತ್ತವೆ. ವಿದ್ಯಾರ್ಥಿ, ಅಧ್ಯಾಪಕ, ಸಂಶೋಧಕರು ಸೇರಿ ಸುಮಾರು 1.8 ಕೋಟಿ ಜನರಿಗೆ ಅನುಕೂಲ ಎಂದು ಸರ್ಕಾರ ಹೇಳಿದೆ. ತಲೆಗೆ ಲೆಕ್ಕ ಹಾಕಿದರೆ ವರ್ಷಕ್ಕೆ ಸುಮಾರು 1,100 ರೂ.

ಅನಂತಪುರದ ಮೂರೂ ವಿ.ವಿ.ಗಳು ಸರ್ಕಾರಿ. ಹಿಂದೂಪುರ, ಕಲ್ಯಾಣದುರ್ಗದಂಥ ಊರುಗಳ ಸರ್ಕಾರಿ ಪದವಿ ಕಾಲೇಜುಗಳೂ ಯೋಜನೆಯ ವ್ಯಾಪ್ತಿಗೆ ಬರುವಂಥವೇ. ಆದರೆ ಕಾಲೇಜು ನೋಂದಾಯಿಸಬೇಕು, ಹೊಣೆ ಹೊರಲು ಒಬ್ಬರನ್ನು ನೇಮಿಸಬೇಕು, ಮಕ್ಕಳಿಗೆ ಹೇಳಬೇಕು. ಊಟಕ್ಕೆ ಎಲೆ ಹಾಕಿದ್ದಾರೆಂದು ಗೊತ್ತೇ ಇಲ್ಲದಿದ್ದರೆ ಪಂಕ್ತಿಗೆ ಬರುವವರು ಯಾರು?

ಖಾಸಗಿ ಕಾಲೇಜುಗಳನ್ನು ಯೋಜನೆಯ ಮೊದಲ ಹಂತದಲ್ಲಿ ಸೇರಿಸಿಲ್ಲ. ಅಲ್ಲಿ ಓದುವ ಮಕ್ಕಳಿಗೆ ಕಾಲೇಜು ತಾನೇ ತರಿಸಿದಷ್ಟೇ ಗತಿ. ಸೀಟು ಹಿಡಿಯುವ ಮೊದಲು ಈ ಬಗ್ಗೆಯೂ ಒಂದು ಮಾತು ಕೇಳುವುದು ಒಳ್ಳೆಯದು.

ಕನ್ನಡದ ಸರದಿ ಎಲ್ಲಿ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಮರಾಪುರದ ಕಡೆಯ ಹುಡುಗಿಯೊಬ್ಬಳು ತನ್ನೂರಿಗೆ ಹತ್ತಿರದ ಹೇಮಾವತಿಯ ಮೇಲೆ ಸಂಶೋಧನೆ ಮಾಡಬೇಕು ಎಂದುಕೊಂಡಳು ಎನ್ನಿ. ಹೇಮಾವತಿ ಎಂದರೆ ನೊಳಂಬರ ರಾಜಧಾನಿ ಹೆಂಜೇರು. ಅಲ್ಲಿಯ ಕೆಲವು ಶಿಲ್ಪಗಳು ಚೆನ್ನೈ ಮ್ಯೂಸಿಯಂ ಸೇರಿವೆ. ನೊಳಂಬರ ಬಗ್ಗೆ ಎಂ.ಎಸ್. ಕೃಷ್ಣಮೂರ್ತಿ ಅವರ ಗ್ರಂಥ ಪ್ರಕಟವಾದದ್ದು 1980ರಲ್ಲಿ, ಮೈಸೂರು ವಿ.ವಿ.ಯಿಂದ. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳನ್ನು ಒಟ್ಟುಗೂಡಿಸಿದ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' 9ನೇ ಸಂಪುಟದ ಮೊದಲ ಭಾಗ 1939ರದು. ಶಾಸನ, ಸ್ಥಳನಾಮ, ಹಳಗನ್ನಡದ ಬಿಡಿ ಲೇಖನಗಳನ್ನು ಹುಡುಕಬೇಕಾದರೆ 1916ರಲ್ಲಿ ಆರಂಭವಾದ ಕನ್ನಡ ಸಾಹಿತ್ಯ ಪರಿಷತ್ತಿನ ಪತ್ರಿಕೆ, 1919ರಲ್ಲಿ ಆರಂಭವಾದ 'ಪ್ರಬುದ್ಧ ಕರ್ನಾಟಕ' ಇಂಥವುಗಳ ಹಳೆಯ ಸಂಪುಟ ತಿರುವಬೇಕು.

30 ಪ್ರಕಾಶಕರ ಪಟ್ಟಿಯಲ್ಲಿ ಕನ್ನಡ ಸಾಹಿತ್ಯ ಪರಿಷತ್ತೂ ಇಲ್ಲ, ಕರ್ನಾಟಕದ ವಿ.ವಿ.ಗಳ ಪ್ರಸಾರಾಂಗಗಳೂ ಇಲ್ಲ. ಅಮೆರಿಕದ ರಸಾಯನಶಾಸ್ತ್ರದ ಲೇಖನ ಅನಂತಪುರದಲ್ಲಿ ಕೂತಲ್ಲೇ ಸಿಗುತ್ತದೆ. ಸುಮಾರು ಇನ್ನೂರು ಕಿ.ಮೀ. ದೂರದ ಬೆಂಗಳೂರಿನಲ್ಲಿ ಅಚ್ಚಾದ ಕನ್ನಡ ಲೇಖನಕ್ಕೆ ಬಸ್ಸು ಹತ್ತಬೇಕು.

ಇದು ಹಣದ ಪ್ರಶ್ನೆಯಲ್ಲ. ಕನ್ನಡದ ಸಂಶೋಧನಾ ಪತ್ರಿಕೆಯ ವಾರ್ಷಿಕ ಚಂದಾ ಕೆಲವು ನೂರು ರೂ. ಅಷ್ಟೇ. ಅಡ್ಡಿ ಇರುವುದು ಪದ್ಧತಿಯಲ್ಲಿ. ಪಟ್ಟಿ ಬರಬೇಕಾದದ್ದು ವಿಭಾಗದಿಂದ. ಕನ್ನಡ ವಿಭಾಗವೇ ಇಲ್ಲದ ವಿ.ವಿ.ಯಲ್ಲಿ ಆ ಹೆಸರು ಬರೆಯುವವರಿಲ್ಲ. ಅಷ್ಟು ಸಣ್ಣ ಮೊತ್ತದಲ್ಲಿ ಏಜೆನ್ಸಿಗೆ ಗಿಟ್ಟುವುದು ಏನೂ ಇಲ್ಲ. ಸಂಚಿಕೆಗಳು ಸಮಯಕ್ಕೆ ಬಾರದಿದ್ದರೆ 'ಮುಂಗಡ ಕಟ್ಟಿದ ಹಣಕ್ಕೆ ಸಂಚಿಕೆ ಎಲ್ಲಿ' ಎಂದು ಆಡಿಟ್‌ನವರ ಆಕ್ಷೇಪಣೆ. ಮುಂದಿನ ವರ್ಷ ಆ ಹೆಸರು ಪಟ್ಟಿಯಿಂದ ಮಾಯ. ಪತ್ರಿಕೆ ಹೊರತರುವವರೂ ಸಮಯಪಾಲನೆ ಮಾಡದಿದ್ದರೆ ಲೈಬ್ರರಿಯನ್ನಷ್ಟೇ ದೂರಿ ಫಲವಿಲ್ಲ.

ಕೇಳಿದರೆ ಸಿಗುತ್ತೆ

ಹಾಗಂತ ಕೈಕಟ್ಟಿ ಕೂರಬೇಕಿಲ್ಲ. ಓದುಗರ ವೇಳೆ ಉಳಿಸುವುದೂ ಗ್ರಂಥಾಲಯದ ಧರ್ಮ ಎಂದು ನಿಯಮ ಹಾಕಿಕೊಟ್ಟ ಎಸ್.ಆರ್. ರಂಗನಾಥನ್ ಬೆಂಗಳೂರಿನಲ್ಲೇ ಕೊನೆಯ ವರ್ಷಗಳನ್ನು ಕಳೆದವರು. ಆ ಧರ್ಮದ ಪ್ರಕಾರ ತನ್ನಲ್ಲಿಲ್ಲದ ಲೇಖನವನ್ನು ಬೇರೆಡೆಯಿಂದ ತರಿಸಿಕೊಡುವುದೂ ಲೈಬ್ರರಿಯ ಕೆಲಸವೇ. ದೇಶದ ವಿ.ವಿ. ಲೈಬ್ರರಿಗಳಲ್ಲಿ ಯಾವ ಪುಸ್ತಕ, ಯಾವ ಜರ್ನಲ್ ಎಲ್ಲಿದೆ ಎಂದು ಇನ್‌ಫ್ಲಿಬ್‌ನೆಟ್‌ನ 'ಇಂಡ್‌ಕ್ಯಾಟ್' ಸೂಚಿಯಲ್ಲಿ ನೋಡಬಹುದು. ಸಂಪುಟ, ಸಂಚಿಕೆ, ಪುಟ ಸಂಖ್ಯೆ ಬರೆದು ಲೈಬ್ರೇರಿಯನ್‌ಗೆ ಕೊಟ್ಟರೆ ಅವರು ಆ ಲೈಬ್ರರಿಗೆ ಪತ್ರ ಬರೆದು ಪ್ರತಿ ಕೇಳಬಹುದು. ಸ್ವಂತ ಸಂಶೋಧನೆಗಾಗಿ ನ್ಯಾಯಯುತ ಬಳಕೆಗೆ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ಅವಕಾಶವಿದೆ.

'ಶೋಧಗಂಗಾ' ಜಾಲತಾಣದಲ್ಲಿ ದೇಶದ ಲಕ್ಷಗಟ್ಟಲೆ ಪಿಎಚ್.ಡಿ. ಪ್ರಬಂಧಗಳು ಉಚಿತ, ಕನ್ನಡದಲ್ಲಿ ಬರೆದವೂ ಅಲ್ಲಿವೆ. ಅದಕ್ಕೆ ಯಾವ ಕಾಲೇಜಿನ ಪಾಸ್‌ವರ್ಡೂ ಬೇಡ, ಖಾಸಗಿ ಕಾಲೇಜಿನ ವಿದ್ಯಾರ್ಥಿಯೂ ಮೊಬೈಲ್‌ನಲ್ಲೇ ಓದಬಹುದು. ಸರ್ ಸಿ.ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯ ಜಾಲತಾಣದಲ್ಲೂ ಅದರ ಜರ್ನಲ್‌ಗಳ ಹಳೆಯ ಸಂಪುಟಗಳು ಉಚಿತವಾಗಿ ಸಿಗುತ್ತವೆ.

ಒಂದು ಎಚ್ಚರಿಕೆಯ ಮಾತೂ ಇದೆ. 'ದುಡ್ಡು ಕಳಿಸಿ, ವಾರದಲ್ಲಿ ನಿಮ್ಮ ಲೇಖನ ಹಾಕ್ತೀವಿ' ಎನ್ನುವ ನಕಲಿ ಜರ್ನಲ್‌ಗಳ ಹಾವಳಿ ಇದೆ. ಒಪ್ಪಿತ ಜರ್ನಲ್‌ಗಳ 'ಯುಜಿಸಿ-ಕೇರ್' ಪಟ್ಟಿಯನ್ನು ಯುಜಿಸಿ 2025ರಲ್ಲಿ ಕೈಬಿಟ್ಟಿದ್ದು, ಒಳ್ಳೆಯ ಜರ್ನಲ್ ಆರಿಸುವ ಹೊಣೆ ಈಗ ವಿ.ವಿ.ಗಳ ಮತ್ತು ಸಂಶೋಧಕರ ಮೇಲೇ ಬಿದ್ದಿದೆ. ಹಣ ಕಳಿಸುವ ಮುನ್ನ ಮಾರ್ಗದರ್ಶಕರನ್ನೂ ಲೈಬ್ರೇರಿಯನ್‌ರನ್ನೂ ಕೇಳುವುದು ಕ್ಷೇಮ.

ಆಗಬೇಕಾದದ್ದು

ಕನ್ನಡ ವಿಭಾಗ ಇಲ್ಲದಿದ್ದರೇನು, ಇತಿಹಾಸ ವಿಭಾಗ ಇದೆಯಲ್ಲ. ಅನಂತಪುರ ಸೀಮೆಯ ಚರಿತ್ರೆ ಬರೆಯಲು ಕನ್ನಡ ಶಾಸನ ಬಿಟ್ಟರೆ ಆಗುವುದಿಲ್ಲ ಎಂಬುದು ಅಲ್ಲಿಯ ಅಧ್ಯಾಪಕರಿಗೂ ಗೊತ್ತಿರುವ ವಿಷಯ. ವಿದ್ಯಾರ್ಥಿಗಳು ಮಾರ್ಗದರ್ಶಕರ ಮೂಲಕ ಲಿಖಿತವಾಗಿ ಕೇಳಿದರೆ ಪಟ್ಟಿಗೆ ಎರಡು-ಮೂರು ಕನ್ನಡ ಪತ್ರಿಕೆ ಸೇರಿಸುವುದು ಕಷ್ಟವೇನಲ್ಲ. ಗಡಿಭಾಗದ ಕನ್ನಡ ಸಂಘಗಳು ನವೆಂಬರ್ ಬಂದಾಗ ಹಾರ-ತುರಾಯಿಗೆ ಖರ್ಚು ಮಾಡುವ ಹಣದಲ್ಲಿ ಒಂದು ಪಾಲು ತೆಗೆದು ಆ ಲೈಬ್ರರಿಗಳ ಹೆಸರಿನಲ್ಲಿ ಚಂದಾ ಕಟ್ಟಿದರೂ ಆದೀತು.

ಕರ್ನಾಟಕದ ಕಡೆಯಿಂದಲೂ ಕೆಲಸ ಬಾಕಿ ಇದೆ. ಪರಿಷತ್ತು ಮತ್ತು ಪ್ರಸಾರಾಂಗಗಳು ತಮ್ಮ ಸಂಶೋಧನಾ ಪತ್ರಿಕೆಗಳ ಎಲ್ಲ ಸಂಪುಟಗಳನ್ನೂ ಲೇಖನ ಸೂಚಿಯೊಂದಿಗೆ ಒಂದೇ ಕಡೆ ಉಚಿತವಾಗಿ ಓದಲು ಬಿಟ್ಟರೆ ಹೊರನಾಡ ಕನ್ನಡಿಗರಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೊಂದಿಲ್ಲ.

ಕೇಂದ್ರದ ಯೋಜನೆಗೆ ಈಗ ತೆಗೆದಿರಿಸಿದ ಹಣ 2027ರವರೆಗೆ ಮಾತ್ರ. ಮುಂದಿನ ಅವಧಿಗೆ ಪಟ್ಟಿ ತಯಾರಾಗುವಾಗ ಭಾರತೀಯ ಭಾಷೆಗಳ ಜರ್ನಲ್‌ಗಳಿಗೂ ಜಾಗ ಬೇಕೆಂದು ಕೇಳುವವರಿದ್ದರೆ ಸಿಕ್ಕೀತು. ಲೈಬ್ರರಿಯ ಲೆಕ್ಕವೂ ಅಷ್ಟೇ. ಕೇಳಿದವರಿಗೆ ಪತ್ರಿಕೆ ಬರುತ್ತದೆ, ಕೇಳದವರ ಪತ್ರಿಕೆ ಪಟ್ಟಿಯಿಂದ ಬಿಟ್ಟುಹೋಗುತ್ತದೆ.