ಸ್ವರವೂ ಅದರ ಅಳತೆಯೂ

ಅಕ್ಷರಾಭ್ಯಾಸ ನಡೆಯುವ ಮನೆಗಳಲ್ಲಿ ‘ಸ್ವರ’ವೆಂಬ ಮಾತು ದಿನವೂ ಕೇಳಿಬರುವುದು, ಅದರ ಅರ್ಥವನ್ನು ವಿಚಾರಿಸುವವರು ವಿರಳ. ಬೇರೊಂದು ವರ್ಣದ ನೆರವಿಲ್ಲದೆ ತಾನಾಗಿಯೇ ಉಚ್ಚರಿಸಲ್ಪಡುವುದು ಸ್ವರ. ಅದನ್ನು ಆಶ್ರಯಿಸಿ ನಿಲ್ಲುವುದು ವ್ಯಂಜನ. ಸಂಗೀತದ ಸರಿಗಮಗಳಿಗೂ ವೇದಪಾಠದ ಉದಾತ್ತಾನುದಾತ್ತಗಳಿಗೂ ಇದೇ ಹೆಸರುಂಟು. ಇಲ್ಲಿ ವಿವಕ್ಷಿತವಾದುದು ವರ್ಣಮಾಲೆಯ ಸ್ವರ.

ಸ್ವರಕ್ಕೆ ಅಳತೆಯುಂಟು. ಒಂದು ಮಾತ್ರೆ, ಎಂದರೆ ಸುಮಾರು ಒಂದು ಚಿಟಿಕೆಯ ಕಾಲ, ನಿಂತರೆ ಹ್ರಸ್ವ; ಎರಡಾದರೆ ದೀರ್ಘ; ಮೂರಾದರೆ ಪ್ಲುತ. ದೂರದ ಹೊಲದಲ್ಲಿರುವ ಮಗನನ್ನು ‘ರಂಗಾ’ ಎಂದು ಎಳೆದು ಕೂಗುವ ತಾಯಿಯ ಬಾಯಲ್ಲಿ ಪ್ಲುತವು ಇಂದಿಗೂ ಜೀವಂತವಾಗಿದೆ. ಕನ್ನಡ ಶಾಲೆಗಳಲ್ಲಿ ಕಲಿಸುವ 13 ಸ್ವರಗಳಲ್ಲಿ 6 ಹ್ರಸ್ವ, 7 ದೀರ್ಘ.

ಸಂಸ್ಕೃತದಲ್ಲಿ ಏ, ಓಗಳಿಗೆ ಹ್ರಸ್ವವಿಲ್ಲ. ತಮಿಳು ತೆಲುಗುಗಳಂತೆ ಕನ್ನಡಕ್ಕೂ ಎ, ಒ ಎಂಬ ಹ್ರಸ್ವಗಳು ಸ್ವಂತ ಆಸ್ತಿ. ಆದರೆ ಹಳೆಯ ಶಾಸನಗಳ ಲಿಪಿಯಲ್ಲಿ ಇವುಗಳ ಹ್ರಸ್ವದೀರ್ಘಗಳಿಗೆ ಸಾಮಾನ್ಯವಾಗಿ ಪ್ರತ್ಯೇಕ ಚಿಹ್ನೆಯಿರಲಿಲ್ಲ. ಓದುವವನು ಸಂದರ್ಭವನ್ನರಿತು ನಿರ್ಣಯಿಸಬೇಕಾಗಿತ್ತು. ಇಂದಿನ ಲಿಪಿಯು ಆ ತೊಡಕನ್ನು ನೀಗಿದೆ.

ಪಾಠಕ್ಕೆ ನಮ್ಮ ದಾವಣಗೆರೆ ಜಿಲ್ಲೆಯ ಊರುಗಳ ಹೆಸರುಗಳೇ ಸಾಕು. ಹೊನ್ನಾಳಿಯ ಮೊದಲಕ್ಷರದಲ್ಲಿರುವುದು ಹ್ರಸ್ವ ಒಕಾರ. ಮುಂದೆ ಒತ್ತಕ್ಷರವಿರುವುದರಿಂದ ಛಂದಸ್ಸಿನಲ್ಲಿ ಅದು ಗುರುವೆನಿಸಿದರೂ ಸ್ವರವು ಹ್ರಸ್ವವೇ. ಚನ್ನಗಿರಿಯನ್ನು ಚೆನ್ನಗಿರಿಯೆಂದೂ ಬರೆಯುವರು. ಅ, ಎ ಎರಡೂ ಹ್ರಸ್ವಗಳಾದುದರಿಂದ ಅಳತೆ ಕೆಡದು. ನ್ಯಾಮತಿಯಲ್ಲಿ ಮೊದಲಿನ ಆಕಾರವೊಂದೇ ದೀರ್ಘ. ಜಗಳೂರಿನ ಊಕಾರ ಕುಗ್ಗಿತೋ, ಊರು ಹೋಗಿ ಬಾಲಕರು ಹೊಡೆಯುವ ಉರು ಉಳಿಯುವುದು!

ಇದು ಪಂಡಿತರ ಬರಿಯ ಹಟವಲ್ಲ. ಈಗ ಮಕ್ಕಳು ಫೋನಿನಲ್ಲಿ ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವರು. ಪಟ್ಟಣದ ಮಗನು ಹಾಗೆ ಬರೆದು ಕೇಳಿದುದು ಹೊಲದ ಬೆಳೆಯನ್ನೋ, ಅಡಿಗೆಯ ಬೇಳೆಯನ್ನೋ, ಸಂತೆಯ ಬೆಲೆಯನ್ನೋ ಹಿರಿಯರಿಗೆ ತಿಳಿಯದು. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ಕೆರೆಗೂ ಗದ್ದೆಯಲ್ಲಿ ಹರಿಯುವ ಕೇರೆಗೂ ಅಲ್ಲಿ ಒಂದೇ ರೂಪ. ಶಾಸನಕಾಲದ ತೊಡಕನ್ನು ನಾವೇ ಮರಳಿ ಮನೆಗೆ ಕರೆತಂದಂತಾಯಿತು.

ಆದುದರಿಂದ ಗೃಹಸ್ಥರು ಸಂಜೆ ಹತ್ತು ನಿಮಿಷ ಮಕ್ಕಳಿಂದ ಗಟ್ಟಿಯಾಗಿ ಓದಿಸಲಿ. ಹ್ರಸ್ವಕ್ಕೊಂದು, ದೀರ್ಘಕ್ಕೆರಡು ಚಿಟಿಕೆ ಎಣಿಸಲಿ. ಫೋನಿನಲ್ಲಿಯೂ ಕನ್ನಡ ಲಿಪಿಯುಂಟು. ಮನೆಗೆ ಬರೆಯುವ ಮಾತನ್ನಾದರೂ ಅದರಲ್ಲಿಯೇ ಬರೆಯುವ ಅಭ್ಯಾಸವನ್ನು ಮಾಡಿಸಲಿ.