ಪಠ್ಯ ಸಂಪಾದಕವೊಂದರ ಪ್ಯಾಕೇಜು: ಪೈಕೊ ಮತ್ತು ನ್ಯಾನೊ

ಕಂಪ್ಯೂಟರಿನ ಟರ್ಮಿನಲ್ ಪರದೆಯ ಮೇಲೆ ಬರಹವನ್ನು ಬರೆಯಲೂ ತಿದ್ದಲೂ ನೆರವಾಗುವ ತಂತ್ರಾಂಶಕ್ಕೆ ಪಠ್ಯ ಸಂಪಾದಕವೆಂದು ಹೆಸರು. ಲಿನಕ್ಸ್ ವಿತರಣೆಗಳಲ್ಲಿ ಇಂತಹ ತಂತ್ರಾಂಶವು ಕರ್ತೃವಿನಿಂದ ಬಳಕೆದಾರನಿಗೆ ನೇರವಾಗಿ ಬರುವುದು ವಿರಳ. ಇವರಿಬ್ಬರ ನಡುವೆ ಪ್ಯಾಕೇಜು ಸಿದ್ಧಪಡಿಸುವವನೊಬ್ಬನಿರುತ್ತಾನೆ. ಅವನ ಕಾರ್ಯವು ಕೇವಲ ಯಾಂತ್ರಿಕವೆಂದು ಭಾವಿಸುವುದುಂಟು. ಅದು ಹಾಗಲ್ಲವೆಂಬುದನ್ನು ಡೆಬಿಯನ್ ವಿತರಣೆಯ ಒಂದು ನಿದರ್ಶನದಿಂದ ಇಲ್ಲಿ ವಿವರಿಸುತ್ತೇವೆ.

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ನಿನಲ್ಲಿ ಮೂಲ ಪ್ಯಾಕೇಜಿಗೆ ಮುಖ್ಯವಾಗಿ ಎರಡು ಅಂಗಗಳು. ಮೊದಲನೆಯದು ಕರ್ತೃವು ಪ್ರಕಟಿಸಿದ ಮೂಲಸಂಕೇತ. ಎರಡನೆಯದರಲ್ಲಿ ಪ್ಯಾಕೇಜು ಸಿದ್ಧಪಡಿಸುವವನ ತಿದ್ದುಪಡಿಗಳು, ತಂತ್ರಾಂಶವನ್ನು ಕಟ್ಟುವ ಕ್ರಮ, ಅದು ಅವಲಂಬಿಸಿರುವ ಇತರ ಪ್ಯಾಕೇಜುಗಳ ಹೆಸರು, ಹಕ್ಕುಸ್ವಾಮ್ಯದ ವಿವರ, ದಿನಾಂಕಸಹಿತವಾದ ಬದಲಾವಣೆಗಳ ದಾಖಲೆ, ಇವು ಸೇರಿರುತ್ತವೆ. ಪ್ರಾಚೀನ ಗ್ರಂಥದ ಪಾಠವನ್ನು ಕೆಡಿಸದೆ ತನ್ನ ತಿದ್ದುಪಡಿಯನ್ನು ಅಡಿಟಿಪ್ಪಣಿಯಲ್ಲಿ ತೋರಿಸುವ ಗ್ರಂಥಸಂಪಾದಕನ ಶಿಸ್ತನ್ನೇ ಇದು ಹೋಲುತ್ತದೆ.

ತಿದ್ದುಪಡಿಯಾದರೂ ಏತಕ್ಕೆ? ಕಡತಗಳನ್ನು ವಿತರಣೆಯ ನಿಯಮದಂತೆ ಗೊತ್ತಾದ ಸ್ಥಳಗಳಲ್ಲಿರಿಸಬೇಕು. ಭದ್ರತೆಯ ದೋಷ ಕಂಡರೆ ತಡಮಾಡದೆ ಸರಿಪಡಿಸಬೇಕು. ಆದುದರಿಂದ ತಿದ್ದಿ ಹಂಚುವ ಹಕ್ಕು ಈ ಕಾರ್ಯಕ್ಕೆ ಆಧಾರಸ್ತಂಭ. 1997ರಲ್ಲಿ ಡೆಬಿಯನ್ ಅಂಗೀಕರಿಸಿದ ಮಾರ್ಗಸೂಚಿಯು ಕರ್ತೃವಿನ ಅಭಿಮಾನಕ್ಕೂ ಮನ್ನಣೆ ನೀಡಿತು. ತಿದ್ದುಪಡಿಗಳನ್ನು ಮೂಲದಿಂದ ಬೇರೆಯಾಗಿಯೇ ಇಡಬೇಕೆಂದು ಅವನು ವಿಧಿಸಬಹುದು. ಆದರೆ ತಿದ್ದಿದ ಮೂಲದಿಂದ ಕಟ್ಟಿದ ತಂತ್ರಾಂಶವನ್ನು ಹಂಚಲು ಸ್ಪಷ್ಟವಾದ ಅನುಮತಿಯಿರಲೇಬೇಕು.

ಪೈಕೊ ಎಂಬ ಸಂಪಾದಕವು ತೊಡಕಿಗೆ ಸಿಕ್ಕಿದ್ದು ಇಲ್ಲಿಯೇ. ಅದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೈನ್ ಎಂಬ ವಿದ್ಯುನ್ಮಾನ ಅಂಚೆಯ ತಂತ್ರಾಂಶದ ಅಂಗ. ಬಳಸಲು ಅತಿ ಸುಲಭ, ದೊರೆಯುತ್ತಿದ್ದುದೂ ಉಚಿತವಾಗಿ. ಆದರೆ ತಿದ್ದಿದ ಪ್ರತಿಯ ಹಂಚಿಕೆಯ ವಿಷಯದಲ್ಲಿ ಅದರ ಅನುಮತಿಪತ್ರವು ಸ್ಪಷ್ಟವಾಗಿರಲಿಲ್ಲ. ತತ್ಪರಿಣಾಮವಾಗಿ ಡೆಬಿಯನ್ನಿನ ಮುಖ್ಯ ಭಾಗದಲ್ಲಿ ಅದಕ್ಕೆ ಎಡೆ ದೊರೆಯಲಿಲ್ಲ.

ಈ ಕೊರತೆಯನ್ನು ನೀಗಲು ಕ್ರಿಸ್ ಅಲೆಗ್ರೆಟಾ ಎಂಬವರು 1999ರಲ್ಲಿ ಪೈಕೊವನ್ನು ಹೋಲುವ ಹೊಸ ಸಂಪಾದಕವನ್ನು ರಚಿಸಿ, ‘ಟಿಪ್’ ಎಂದು ಕರೆದರು. ಆ ಹೆಸರಿನ ಬೇರೊಂದು ತಂತ್ರಾಂಶವು ಯುನಿಕ್ಸಿನಲ್ಲಿ ಮೊದಲೇ ಇದ್ದುದರಿಂದ 2000ದ ಜನವರಿಯಲ್ಲಿ ಹೆಸರು ‘ನ್ಯಾನೊ’ ಎಂದಾಯಿತು. 2001ರಲ್ಲಿ ಅದು ಗ್ನೂ ಯೋಜನೆಯ ಅಂಗವಾಯಿತು. ಪೈನಿನ ಉತ್ತರಾಧಿಕಾರಿಯಾದ ಆಲ್ಪೈನ್ 2007ರಲ್ಲಿ ಅಪಾಚೆ ಅನುಮತಿಪತ್ರದೊಡನೆ ಹೊರಬಂದಾಗ ಪೈಕೊವಿನ ತೊಡಕೂ ಬಗೆಹರಿಯಿತು. ಆದರೆ ಅಷ್ಟರಲ್ಲಿ ಅದರ ಸ್ಥಾನವನ್ನು ನ್ಯಾನೊ ಆಕ್ರಮಿಸಿತ್ತು.

ಈ ವೃತ್ತಾಂತದಿಂದ ಉಚಿತವಾಗಿ ಕೊಡುವುದು ಬೇರೆ, ತಿದ್ದಿ ಹಂಚುವ ಹಕ್ಕನ್ನು ಕೊಡುವುದು ಬೇರೆ ಎಂಬುದು ವ್ಯಕ್ತವಾಗುತ್ತದೆ. ಪೈಕೊವಿನ ಗುಣದಲ್ಲಿ ಲೋಪವಿರಲಿಲ್ಲ. ಲೋಪವಿದ್ದುದು ಅನುಮತಿಯ ಮಾತಿನಲ್ಲಿ. ಅದನ್ನು ಹೊರತಂದದ್ದೂ ಒಂದು ವಿಶ್ವವಿದ್ಯಾಲಯವೆಂಬುದು ಗಮನಾರ್ಹ. ನಿಘಂಟು, ಶಾಸನಪಾಠ, ಅಕ್ಷರವಿನ್ಯಾಸ ಮೊದಲಾದುವನ್ನು ಗಣಕರೂಪದಲ್ಲಿ ಲೋಕಕ್ಕೆ ನೀಡಬಯಸುವ ನಮ್ಮ ವಿದ್ಯಾಸಂಸ್ಥೆಗಳೂ ಕೊಡುವಾಗಲೇ ಹಕ್ಕಿನ ಮಾತನ್ನು ಸಂದಿಗ್ಧತೆಗೆ ಎಡೆಯಿಲ್ಲದಂತೆ ಬರೆದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.